"ನಾನೂ ಹಾಡ್ಲಾ?" ಅಂತ ಕೇಳಿದವನಿಗೆ ಏನು ಹೇಳೋಣ

ಪ್ರಿಯ ಸಹೋದರಿ,

ನಿಮ್ಮ ಪತ್ರ ಓದಿ ಎರಡು ದಿನ ಅದರದೇ ಯೋಚನೆಯಲ್ಲಿದ್ದೆ. ಬೇರೆ ಓದುಗರಿಗಾಗಿ ಅದರಲ್ಲಿ ಏನಿತ್ತು ಅಂತ ಹೇಳಿಬಿಡುತ್ತೇನೆ. ನಿಮ್ಮ ಸಭೆಯವರು ಪ್ರತಿ ಕ್ರಿಸ್‌ಮಸ್‌ಗೆ ವಿಕಲಚೇತನರ ಆಶ್ರಮಕ್ಕೆ ಹೋಗಿ, ಹಾಡಿ, ಉಡುಗೊರೆ ಕೊಟ್ಟು, ಪ್ರಾರ್ಥನೆ ಮಾಡಿ ಬರುತ್ತೀರಿ. ಈ ಸಲ ಅಲ್ಲಿದ್ದ, ಮಾತು ಅಷ್ಟು ಸ್ಪಷ್ಟವಿಲ್ಲದ ಒಬ್ಬ ಯುವಕ ನಿಮ್ಮ ಕೈ ಹಿಡಿದು "ನಾನೂ ಹಾಡ್ಲಾ?" ಅಂದ. ಹೊರಡುವ ಹೊತ್ತಾಗಿತ್ತು. "ಮುಂದಿನ ಸಲ" ಅಂದು ಬಂದಿರಿ. ಆ ರಾತ್ರಿ ನಿಮಗೆ ನಿದ್ದೆ ಬರಲಿಲ್ಲ. ಕೊನೆಗೆ ಕೇಳಿದ್ದೀರಿ: ಅವರಿಂದ ಕಲಿಯಬೇಕು ಅಂತ ಎಲ್ಲರೂ ಹೇಳುತ್ತಾರೆ, ನಿಜವಾಗಿ ಕಲಿಯುವುದು ಏನು?

ನೇರವಾಗಿ ಹೇಳುತ್ತೇನೆ. ನಿಮ್ಮ ಪ್ರೀತಿಯಲ್ಲಿ ಕೊರತೆ ಇಲ್ಲ. ಆದರೆ ಕೊಡುವವರು ಯಾವಾಗಲೂ ನೀವೇ, ತೆಗೆದುಕೊಳ್ಳುವವರು ಯಾವಾಗಲೂ ಅವರೇ. ಆ ಯುವಕ ಕೊಡುವುದಕ್ಕೆ ಬಂದ, ಅದಕ್ಕೆ ನಿಮ್ಮ ಕಾರ್ಯಕ್ರಮದಲ್ಲಿ ಜಾಗ ಇರಲಿಲ್ಲ.

ಮಾರ್ಕನ ಸುವಾರ್ತೆಯ 10ನೇ ಅಧ್ಯಾಯ ತೆಗೆಯಿರಿ. ಕುರುಡ ಬಾರ್ತಿಮಾಯ ದಾರಿ ಬದಿಯಲ್ಲಿ ಕೂತು ಕೂಗುತ್ತಾನೆ, ಜನ ಸುಮ್ಮನಿರು ಅಂತ ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ. ಅವನನ್ನು ಕರೆಸಿ, ನನ್ನಿಂದ ನಿನಗೆ ಏನಾಗಬೇಕು ಅಂತ ಕೇಳುತ್ತಾನೆ. ಕಣ್ಣಿಲ್ಲದವನಿಗೆ ಏನು ಬೇಕು ಅಂತ ಕರ್ತನಿಗೆ ಗೊತ್ತಿರಲಿಲ್ವಾ? ಆದರೂ ಕೇಳಿದ. ನಾವು ಕೇಳುವುದಿಲ್ಲ. ವರ್ಷಗಳ ಹಿಂದೆ ಆರಾಧನೆ ಮುಗಿದ ಮೇಲೆ ನಾನು ಒಬ್ಬ ಸಹೋದರಿಯ ವೀಲ್‌ಚೇರ್ ಹಿಡಿದು, ಸಹಾಯ ಮಾಡುತ್ತಿದ್ದೇನೆ ಅಂದುಕೊಂಡು, ಬಾಗಿಲ ಕಡೆ ತಳ್ಳಿಕೊಂಡು ಹೊರಟೆ. ಅವರು ಗೆಳತಿಯ ಜೊತೆ ಮಾತಾಡುತ್ತಿದ್ದರು. "ಅಣ್ಣಾ, ನಾನು ಹೋಗ್ಬೇಕು ಅಂತ ಹೇಳಿದ್ನಾ?" ಅಂದರು. ಅವರ ದನಿಯಲ್ಲಿ ಸಿಟ್ಟಿಗಿಂತ ದಣಿವು ಜಾಸ್ತಿ ಇತ್ತು. ಆ ದಣಿವು ನನಗೆ ಇವತ್ತಿಗೂ ನೆನಪಿದೆ.

ಇನ್ನು ಕಲಿಯುವ ವಿಷಯ. "ಅವರನ್ನು ನೋಡಿದ ಮೇಲೆ ನಮ್ಮ ಕಷ್ಟ ಏನೂ ಅಲ್ಲ ಅನಿಸಿತು" ಅಂತ ಸಾಕ್ಷಿ ಹೇಳುವವರಿದ್ದಾರೆ. ದಯವಿಟ್ಟು ಅದನ್ನು ಕಲಿಕೆ ಅನ್ನಬೇಡಿ. ನಮ್ಮ ಸಮಾಧಾನಕ್ಕೆ ಇನ್ನೊಬ್ಬರ ದೇಹವನ್ನು ಬಳಸಿಕೊಂಡ ಹಾಗಾಯಿತು. ಅವರೆಲ್ಲ ದೇವದೂತರು ಅನ್ನುವುದೂ ಬೇಡ. ಅವರಿಗೂ ಸಿಟ್ಟು, ಹಟ, ಆಸೆ, ಬೇಜಾರು ಎಲ್ಲ ಇದೆ.

ಯೇಲ್, ಹಾರ್ವರ್ಡ್‌ನಲ್ಲಿ ಪಾಠ ಹೇಳಿದ್ದ ಕ್ಯಾಥೊಲಿಕ್ ಗುರು ಹೆನ್ರಿ ನೌವೆನ್ 1986ರಲ್ಲಿ ಅದೆಲ್ಲ ಬಿಟ್ಟು ಕೆನಡಾದ ಟೊರಾಂಟೊ ಹತ್ತಿರದ ಡೇಬ್ರೇಕ್ ಎಂಬ ಸಮುದಾಯ ಸೇರಿದರು. ಬೌದ್ಧಿಕ ವಿಕಲತೆ ಇರುವವರೂ ಇಲ್ಲದವರೂ ಒಂದೇ ಮನೆಯಲ್ಲಿ ಬದುಕುವ ಜಾಗ ಅದು. ಅಲ್ಲಿ ಆ್ಯಡಂ ಎಂಬ ಯುವಕನನ್ನು ನೋಡಿಕೊಳ್ಳುವ ಕೆಲಸ ಅವರಿಗೆ ಬಂತು. ಆ್ಯಡಂಗೆ ಮಾತು ಬರುತ್ತಿರಲಿಲ್ಲ, ಒಬ್ಬನೇ ಬಟ್ಟೆ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಫಿಟ್ಸ್ ಬರುತ್ತಿತ್ತು. ಸ್ನಾನ, ಶೇವಿಂಗ್, ತಿಂಡಿ ಅಂತ ಬೆಳಿಗ್ಗೆ ಸುಮಾರು ಎರಡು ಗಂಟೆ ಹಿಡಿಯುತ್ತಿತ್ತು. ನೌವೆನ್‌ಗೆ ಮೊದಮೊದಲು ಭಯ. ಅವರ ಪುಸ್ತಕ, ಹೆಸರು, ಪದವಿ ಯಾವುದೂ ಆ್ಯಡಂಗೆ ಲೆಕ್ಕಕ್ಕಿಲ್ಲ. ಅವಸರ ಮಾಡದೆ ಪಕ್ಕದಲ್ಲಿ ಇರುವುದಷ್ಟೇ ಬೇಕು. ಏನನ್ನೂ ಸಾಧಿಸದೆ ಪ್ರೀತಿ ಪಡೆಯಬಹುದು ಅನ್ನುವುದು ಇಷ್ಟು ವರ್ಷ ಅವರು ಬೇರೆಯವರಿಗೆ ಬೋಧಿಸಿದ್ದ ಮಾತು, ಅದು ತನಗೂ ಸೇರಿದ್ದು ಅಂತ ತಿಳಿದದ್ದು ಆ ಬೆಳಗುಗಳಲ್ಲಿ. ಇದೇ ನನ್ನ ಉತ್ತರ. ಆದರೆ ವರ್ಷಕ್ಕೆ ಒಂದು ದಿನ ಹೋಗಿ ಬಂದರೆ ಇದು ಸಿಗುವುದಿಲ್ಲ.

ಒಂದು ಕಹಿ ಮಾತನ್ನೂ ಹೇಳಬೇಕು. ಡೇಬ್ರೇಕ್ ಸೇರಿದಂತೆ ಅಂಥ ಸಮುದಾಯಗಳ ಚಳವಳಿಯನ್ನು 1964ರಲ್ಲಿ ಫ್ರಾನ್ಸ್‌ನಲ್ಲಿ ಶುರು ಮಾಡಿದ ಜೀನ್ ವಾನಿಯೇ ಆತ್ಮಿಕ ಮಾರ್ಗದರ್ಶನದ ಹೆಸರಿನಲ್ಲಿ ಮಹಿಳೆಯರನ್ನು ಲೈಂಗಿಕವಾಗಿ ದುರ್ಬಳಕೆ ಮಾಡಿಕೊಂಡಿದ್ದರು ಅಂತ ಆ ಚಳವಳಿಯ ಸಂಸ್ಥೆಯೇ ಮಾಡಿಸಿದ ತನಿಖೆ 2020ರಲ್ಲಿ ಹೇಳಿತು. 2023ರ ವರದಿಯಲ್ಲಿ ಕನಿಷ್ಠ 25 ಮಹಿಳೆಯರ ಲೆಕ್ಕ ಇದೆ. ಸೇವೆ ಮಾಡುವವರನ್ನು ಸಂತರೆಂದು ಪೂಜಿಸಿದರೆ ಅವರನ್ನು ಪ್ರಶ್ನಿಸುವವರು ಯಾರೂ ಉಳಿಯುವುದಿಲ್ಲ. ನಿಮ್ಮ ಗುಂಪಿನಲ್ಲೂ ಯಾರನ್ನೂ ಆ ಜಾಗದಲ್ಲಿ ಕೂರಿಸಬೇಡಿ.

ವಾಸಿಯಾಗಲಿ ಅಂತ ಪ್ರಾರ್ಥಿಸಬೇಕೇ ಅಂತಲೂ ಕೇಳಿದ್ದೀರಿ. ಅವರು ಬಯಸಿದರೆ ಪ್ರಾರ್ಥಿಸಿ. "ನಂಬಿಕೆ ಸಾಲದು" ಅಂತ ಮಾತ್ರ ಯಾರಿಗೂ ಹೇಳಬೇಡಿ. ಹುಟ್ಟುಕುರುಡನನ್ನು ನೋಡಿ ಪಾಪ ಮಾಡಿದ್ದು ಇವನೋ ಇವನ ತಂದೆತಾಯಿಯೋ ಅಂತ ಶಿಷ್ಯರು ಕೇಳಿದಾಗ, ಇಬ್ಬರೂ ಅಲ್ಲ ಅಂತ ಯೇಸು ಯೋಹಾನ 9ರಲ್ಲಿ ಹೇಳಿಬಿಟ್ಟಿದ್ದಾನೆ. ಅಪೊಸ್ತಲ ಪೌಲ ತನ್ನ ದೇಹದಲ್ಲಿ ನಾಟಿದ ಮುಳ್ಳು ಅಂತ ಕರೆದ ಬಾಧೆಯಂತೂ ಮೂರು ಸಲ ಬೇಡಿದರೂ ಹೋಗಲಿಲ್ಲ. ಅವನ ನಂಬಿಕೆ ಕಡಿಮೆ ಇತ್ತು ಅನ್ನೋಣವೇ?

ಸಭೆಯಲ್ಲಿ ರ‍್ಯಾಂಪ್ ಹಾಕಿಸಿದ್ದೀರಂತೆ, ಸಂತೋಷ. ಆದರೆ ಅದು ಬಾಗಿಲವರೆಗೆ ಮಾತ್ರ ಇದೆಯೋ, ವೇದಿಕೆಯವರೆಗೂ ಇದೆಯೋ? ವಾಕ್ಯ ಓದುವವರಲ್ಲಿ, ಪ್ರಾರ್ಥನೆ ನಡೆಸುವವರಲ್ಲಿ, ಕಮಿಟಿಯಲ್ಲಿ ವಿಕಲಚೇತನರು ಒಬ್ಬರಾದರೂ ಇದ್ದಾರಾ? ಸಭೆಯನ್ನು ಒಂದು ದೇಹಕ್ಕೆ ಹೋಲಿಸಿ, ಬಲಹೀನವಾಗಿ ತೋರುವ ಅಂಗಗಳೇ ಅಗತ್ಯ ಅಂತ ಪೌಲ ಕೊರಿಂಥದವರಿಗೆ ಬರೆದದ್ದು ಇಂಥ ಸಭೆಯ ಬಗ್ಗೆಯೇ ಅಲ್ವಾ?

ಆ ಯುವಕನ ಹತ್ತಿರ ಹೋಗುವುದಕ್ಕೆ ಮುಂದಿನ ಕ್ರಿಸ್‌ಮಸ್ ತನಕ ಕಾಯಬೇಡಿ. ಅಲ್ಲಿನವರಿಗೆ ಮೊದಲೇ ಹೇಳಿ, ಈ ವಾರವೇ ಹೋಗಿ. ಇಪ್ಪತ್ತು ಜನ ಬೇಡ, ಇಬ್ಬರು ಸಾಕು. ಉಡುಗೊರೆ, ಕ್ಯಾಮೆರಾ ಯಾವುದೂ ಬೇಡ. ಅವನು ಹಾಡಲಿ, ಪದ ಅರ್ಥವಾಗದಿದ್ದರೆ ಇನ್ನೊಮ್ಮೆ ಕೇಳಿ, ಅರ್ಥವಾದಂತೆ ನಟಿಸಬೇಡಿ. ಯಾವ ಹಾಡು ಹಾಡಿದ ಅಂತ ನನಗೂ ಬರೆಯಿರಿ.

ನಿಮ್ಮ,
ಸಂಪಾದಕ