ಸುಟ್ಟುಹೋದ ಮರದ ಸಿನಗಾಗ್ ಅಗೆದರೆ ಏನು ಸಿಗುತ್ತೆ?

ಪೋಲೆಂಡ್ ಕಡೆಯ ಪುಟ್ಟ ಊರುಗಳಲ್ಲಿದ್ದ ಯಹೂದಿಗಳ ಮರದ ಸಿನಗಾಗ್‌ಗಳು (ಪ್ರಾರ್ಥನಾ ಮಂದಿರಗಳು) ಎರಡನೇ ಮಹಾಯುದ್ಧದಲ್ಲಿ ಸುಟ್ಟು ಬೂದಿಯಾದವಲ್ಲ, ಈಗ ಅಗೆದರೆ ಏನು ಸಿಗುತ್ತೆ ಅಂತ ಕೇಳಿದ್ದೀರಿ. ಗೋಡೆ ಸಿಗಲ್ಲ, ನಿಜ. ಆದರೆ ಮರದ ತೊಲೆ ಕೂರಿಸಲು ಹಾಕಿದ ಕಲ್ಲಿನ ತಳಪಾಯ ಸಿಕ್ಕರೆ ಕಟ್ಟಡದ ಅಳತೆಯೇ ಸಿಕ್ಕಂತೆ. ಜೊತೆಗೆ ಕಮ್ಮಾರ ಬಡಿದ ಚೌಕ ಮೊಳೆ, ಕರಗಿ ಮುದ್ದೆಯಾದ ಕಿಟಕಿ ಗಾಜು, ಇದ್ದಿಲಿನ ಪದರ. ಎಷ್ಟೋ ಕಡೆ ಒಳಗಿನ ನೆಲವನ್ನು ಹೊರಗಿಗಿಂತ ತಗ್ಗಿನಲ್ಲಿ ಮಾಡುತ್ತಿದ್ದರು. ಆ ತಗ್ಗಿನಲ್ಲಿ ಅವಶೇಷ ಉಳಿಯುವ ಸಾಧ್ಯತೆ ಜಾಸ್ತಿ.

ಸುಮ್ನೆ ಗುದ್ದಲಿ ಹಾಕಲ್ಲ, ಮೊದಲು ರೇಡಾರ್‌ನಿಂದ ನೆಲದೊಳಗೆ ನೋಡುತ್ತಾರೆ. ಲಿಥುವೇನಿಯಾದ ರಾಜಧಾನಿ ವಿಲ್ನಿಯಸ್‌ನ ದೊಡ್ಡ ಸಿನಗಾಗ್‌ನಲ್ಲಿ (ಅದು ಮರದ್ದಲ್ಲ, ಇಟ್ಟಿಗೆ-ಕಲ್ಲಿನದು) 2015ರಲ್ಲಿ ಹೀಗೇ ಶುರು ಮಾಡಿದ್ದು. 2018ರಲ್ಲಿ ಅದೇ ಜಾಗದಲ್ಲಿ ಆಮೇಲೆ ಕಟ್ಟಿದ್ದ ಹಳೆಯ ಶಾಲಾ ಕಟ್ಟಡದ ಕೆಳಗೆ ಬೀಮಾ, ಅಂದರೆ ಯಹೂದಿಗಳ ಧರ್ಮಗ್ರಂಥ ತೋರಾ ಓದುವ ಕಟ್ಟೆ ಸಿಕ್ಕಿತು.

ಚಾವಣಿಯ ಆಕಾರ, ಬಣ್ಣದ ಚಿತ್ರ ಮಾತ್ರ ಮಣ್ಣಿನಿಂದ ಬರಲ್ಲ. ಅದಕ್ಕೆ ಹಳೆಯ ಫೋಟೋ, ನಕ್ಷೆಗಳೇ ಗತಿ. ಈಗ ಉಕ್ರೇನಿನಲ್ಲಿರುವ ಗ್ವೊಜ್ಜೆಟ್ಸ್ ಊರಿನ ಸಿನಗಾಗ್ ಚಾವಣಿಯನ್ನು ಅವುಗಳಿಂದಲೇ, ಕೈ ಉಪಕರಣಗಳಲ್ಲೇ ಮರ ಕೆತ್ತಿ ಮತ್ತೆ ಕಟ್ಟಿದ್ದಾರೆ. ಮೂಲದ 85% ಅಳತೆ. ವಾರ್ಸಾದಲ್ಲಿ ಪೋಲೆಂಡಿನ ಯಹೂದಿಗಳ ಇತಿಹಾಸ ಹೇಳುವ ಪೋಲಿನ್ ಮ್ಯೂಸಿಯಂನಲ್ಲಿದೆ.