"ಅವರಿಗೂ ಬಿಪಿನೇ, ನನಗೂ ಬಿಪಿನೇ": ಒಂದು ಆಪ್ತಸಲಹೆ ಪ್ರಕರಣ

ಬಿಪಿ ಗುಳಿಗೆಯ ವಿಷಯ ಆಪ್ತಸಮಾಲೋಚಕಿಗೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ನಮ್ಮ ಆಸ್ಪತ್ರೆಯೊಳಗೇ ಇದ್ದಾರೆ. ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಬಿಪಿ-ಶುಗರ್ ನೋಡುವ ಕೋಣೆಗೆ ಹತ್ತಿಕೊಂಡೇ ನನ್ನ ಕೋಣೆ. ನಿದ್ದೆ ಇಲ್ಲ, ಕುಡಿತ ಬಿಡಬೇಕು, ಸೊಸೆ ಮಾತಾಡಿಸುವುದಿಲ್ಲ ಎಂದು ಜನ ಬರುತ್ತಾರೆ. ಅವರ ಕೈಚೀಲ ಬಿಚ್ಚಿಸಿದಾಗ ಮಾತ್ರ ಬೇರೆಯದೇ ಒಂದು ತೊಂದರೆ ಹೊರಬೀಳುತ್ತದೆ: ಒಂದೇ ಔಷಧ ಎರಡು ಹೆಸರಿನಲ್ಲಿ ಹೊಟ್ಟೆಗೆ ಹೋಗುತ್ತಿರುತ್ತದೆ. ಇದು ಮೇಲಿಂದ ಮೇಲೆ ಕಾಣುತ್ತಿರುವುದರಿಂದ ಒಂದು ಪ್ರಕರಣವನ್ನಾದರೂ ಬರೆದಿಡೋಣ ಅನ್ನಿಸಿತು. ಗುರುತು ಸಿಗದ ಹಾಗೆ ಹೆಸರು, ವಯಸ್ಸು, ಸಂಬಂಧ ಬದಲಿಸಿದ್ದೇನೆ.

ಮಲ್ಲಮ್ಮ ಅಂದುಕೊಳ್ಳಿ. ಅರವತ್ತರ ಆಸುಪಾಸು, ಸ್ವಲ್ಪ ತೊಗರಿ ಹೊಲ, ಗಂಡ ತೀರಿಕೊಂಡು ವರ್ಷ ತುಂಬಿಲ್ಲ. ಮಗ ಕರೆತಂದದ್ದು "ಮನಸ್ಸಿಗೆ ಭಾಳ ಹಚ್ಚಿಕೊಂಡಾಳ್ರಿ, ನೀವು ನಾಲ್ಕು ಮಾತು ಹೇಳ್ರಿ" ಎಂದು. ಇಡೀ ದಿನ ಗೋಡೆಗೆ ಆತು ಕೂರುತ್ತಾರೆ, ಎದ್ದರೆ ಚಕ್ಕರ್, ಒಮ್ಮೆ ಬಚ್ಚಲದಲ್ಲಿ ಬಿದ್ದಿದ್ದಾರೆ. ಕಾಲು ಬಾವು ಬಂದದ್ದಕ್ಕೂ ಮನೆಯವರು ಕೊಟ್ಟ ಕಾರಣ ಒಂದೇ, ಚಿಂತೆ. ಮೊದಲ ಭೇಟಿಯಲ್ಲಿ ಅವರು ಅತ್ತರು, ನಾನು ಕೇಳಿಸಿಕೊಂಡೆ. ದುಃಖ ಇತ್ತು, ಇರಬೇಕಾದಷ್ಟೇ ಇತ್ತು. ಆದರೆ ದುಃಖದಲ್ಲಿರುವವರು ಕೂತಲ್ಲೂ ಕುಗ್ಗಿರುತ್ತಾರೆ. ಈಕೆ ಕೂತಾಗ ಚೆನ್ನಾಗಿ ಮಾತಾಡಿ, ಎದ್ದು ನಿಂತ ಕೂಡಲೇ ಮೇಜು ಹಿಡಿದುಕೊಂಡರು. ಬಿಪಿ ಗುಳಿಗೆ ತಗೋತೀರೇನು ಎಂದು ಕೇಳಿದೆ. "ತಪ್ಪಸಂಗಿಲ್ರಿ" ಅಂದರು. ಈ ಉತ್ತರ ಕೇಳಿ ಸಮಾಧಾನಪಡುವುದನ್ನು ನಾನು ಬಿಟ್ಟು ಬಹಳ ಕಾಲವಾಯಿತು. ಮುಂದಿನ ಸಲ ಮನೆಯಲ್ಲಿರುವ ಗುಳಿಗೆಗಳನ್ನೆಲ್ಲ ತರಬೇಕು, ಖಾಲಿ ಪಟ್ಟಿಗಳನ್ನೂ (ಸ್ಟ್ರಿಪ್), ಎಂದು ಹೇಳಿ, ಅವತ್ತೇ ಪಕ್ಕದ ಕೋಣೆಯಲ್ಲಿ ಬಿಪಿ ನೋಡಿಸಿದೆ. ಕೂತಾಗ 112/70. ನಿಂತು ಮೂರು ನಿಮಿಷದೊಳಗೆ 88/58. ನಾಡಿ ನಿಮಿಷಕ್ಕೆ 52, ಅದೂ ಕಡಿಮೆಯೇ. ನಿಂತಾಗ ಮೇಲಿನ ಅಂಕಿ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಅದನ್ನು ಚಿಂತೆಯ ಲೆಕ್ಕಕ್ಕೆ ಬರೆಯುವಂತಿಲ್ಲ. ನರ್ಸ್ ಕೂಡಲೇ ವೈದ್ಯರಿಗೆ ತಿಳಿಸಿದರು. ಯಾವ ಗುಳಿಗೆ ಎಂದು ಅವರು ಕೇಳಿದರೆ ಮಲ್ಲಮ್ಮನವರಿಗೆ ಗೊತ್ತಿಲ್ಲ, ಮಗನಿಗೂ ಗೊತ್ತಿಲ್ಲ. "ನಾಳೆ ಬೆಳಿಗ್ಗೆ ಗುಳಿಗೆ ತಗೊಳ್ಳೋ ಮೊದಲೇ ಎಲ್ಲಾ ತಗೊಂಡು ಬರ್ರಿ" ಎಂದು ಕಳಿಸಿದರು.

ಮರುದಿನ ಬಂದರು. ಸೊಂಟದ ಚಂಚಿ ಬಿಚ್ಚಿ ಅಡಿಕೆ ಒಂದು ಕಡೆ ಸರಿಸಿ, ಗುಳಿಗೆ ಪಟ್ಟಿಗಳನ್ನು ನನ್ನ ಮೇಜಿನ ಮೇಲೆ ಸಾಲಾಗಿ ಇಟ್ಟರು. ಒಂದು, ಖಾಸಗಿ ವೈದ್ಯರು ಬರೆದುಕೊಟ್ಟ ಜೋಡಿ ಗುಳಿಗೆ, ಅಂದರೆ ಬಿಪಿ ಇಳಿಸುವ ಎರಡು ಔಷಧ ಒಂದರಲ್ಲೇ: ಟೆಲ್ಮಿಸಾರ್ಟನ್ 40 ಮಿ.ಗ್ರಾಂ, ಆಮ್ಲೋಡಿಪಿನ್ 5 ಮಿ.ಗ್ರಾಂ. ಬೆಳಿಗ್ಗೆ ಒಂದು. ಇನ್ನೊಂದು ಬೇರೆ ಬಣ್ಣದ್ದು, ಬೇರೆ ಕಂಪನಿಯದು, ಅಂಚು ಸವೆದಿತ್ತು: ಆಮ್ಲೋಡಿಪಿನ್ 5, ಅಟೆನೊಲಾಲ್ 50. ಮೂರನೆಯದು ಮೆಡಿಕಲ್ ಅಂಗಡಿಯಲ್ಲಿ ಕೇಳಿ ತಂದ ಮೊಣಕಾಲು ನೋವಿನ ಡೈಕ್ಲೊಫೆನಾಕ್.

"ಇದು ಯಾರು ಕೊಟ್ಟಿದ್ದು ಅವ್ವಾ?" ಎಂದು ಎರಡನೆಯದನ್ನು ಎತ್ತಿ ಕೇಳಿದೆ.

"ಅದು ನಮ್ಮ ಮನಿಯವರದು. ಎರಡು ತಿಂಗಳಿಂದು ಒಮ್ಮೆಲೇ ತರಸ್ಯಾರ, ಹಂಗೇ ಉಳದಾವ. ರಾತ್ರಿ ಒಂದೊಂದು ನುಂಗ್ತೀನಿ. ರೊಕ್ಕಾ ಕೊಟ್ಟು ತಂದದ್ದು ತಿಪ್ಪಿಗಿ ಚೆಲ್ಲಬೇಕೇನು ಯವ್ವಾ? ಅವರಿಗೂ ಬಿಪಿನೇ, ನನಗೂ ಬಿಪಿನೇ."

ಮಗ ತಲೆ ಮೇಲೆ ಕೈ ಹೊತ್ತುಕೊಂಡ. "ಏನವ್ವಾ ನೀ, ಹುಚ್ಚಿ ಇದ್ದೇನು" ಎಂದು ಪಟ್ಟಿ ಕಸಿದುಕೊಳ್ಳಲು ಹೋದ. ನಾನು ತಡೆದೆ. ತಡೆದದ್ದು ಸರಿಯಾಗಿತ್ತೇ ಎಂದು ಆಮೇಲೆ ಸಹೋದ್ಯೋಗಿಯೊಬ್ಬರು ವಾದ ಮಾಡಿದರು. ಅಪಾಯದ ವಸ್ತು ಎದುರಿಗಿದ್ದಾಗ ಕಸಿದುಕೊಂಡರೇನು ತಪ್ಪು ಎಂದು ಅವರ ಮಾತು. ನನ್ನ ಕಾರಣ ಎರಡು. ಕಸಿದುಕೊಂಡರೆ ಮುಂದಿನ ಪಟ್ಟಿ ಚಂಚಿಯಲ್ಲಿ ಇರುವುದಿಲ್ಲ, ಜೋಳದ ಡಬ್ಬಿಯಲ್ಲಿ ಇರುತ್ತದೆ, ನಮಗೆ ಕಾಣುವುದೇ ಇಲ್ಲ. ಮತ್ತೆ, ಆಕೆಯ ತರ್ಕದಲ್ಲಿ ಹುಚ್ಚೇನಿದೆ? ಜ್ವರಕ್ಕೆ ಇಡೀ ಮನೆಗೆ ಒಂದೇ ಗುಳಿಗೆ ನಡೆಯುತ್ತದೆ, ನೆಗಡಿಗೂ ನಡೆಯುತ್ತದೆ. ಬಿಪಿಗೆ ನಡೆಯುವುದಿಲ್ಲ ಎಂದು ಅವರಿಗೆ ಯಾರು, ಯಾವಾಗ ಕೂತು ಹೇಳಿದ್ದಾರೆ? ಸಾಲಿನಲ್ಲಿ ಐವತ್ತು ಜನ ನಿಂತಿರುವಾಗ ವೈದ್ಯರು ಹೇಳುವುದು ಮುಂಜಾನೆ ಒಂದು ಎಂದಷ್ಟೇ. ಅದು ವೈದ್ಯರ ಸೊಕ್ಕಲ್ಲ, ಸಾಲಿನ ಉದ್ದ. ಕೂತು ಹೇಳುವ ಕೆಲಸ ನನಗೆ ಬಂತು, ಹಾಗಾಗಿ ಮಾಡಿದೆ.

ಮಲ್ಲಮ್ಮನವರಿಗೆ ಓದು ಬರುವುದಿಲ್ಲ. ಆದರೆ ಅಕ್ಷರದ ಆಕಾರ ಹೋಲಿಸಲು ಓದು ಬೇಕಿಲ್ಲ. ಎರಡೂ ಪಟ್ಟಿಗಳ ಬೆನ್ನು ತಿರುಗಿಸಿ, ಸಣ್ಣ ಅಕ್ಷರದಲ್ಲಿ ಆಮ್ಲೋಡಿಪಿನ್ ಎಂದು ಇಂಗ್ಲಿಷಿನಲ್ಲಿ ಅಚ್ಚಾದ ಕಡೆ ಪೆನ್ನಿನಿಂದ ಗೀಟು ಎಳೆದೆ. "ಇದು, ಇದು, ಎರಡೂ ಒಂದೇ ಥರ ಕಾಣ್ತಾವೇನು ನೋಡ್ರಿ." ಬೆರಳಿಟ್ಟು ಒಂದೊಂದೇ ಅಕ್ಷರ ಸರಿಸಿ ನೋಡಿದರು. "ಹೌದಲ್ಲ, ಒಂದೇ ಅದ." ಮುಂಜಾನೆ ಒಂದು ಪಾಲು, ರಾತ್ರಿ ಮತ್ತೊಂದು ಪಾಲು ಅದೇ ಔಷಧ ಹೋಗುತ್ತಿದೆ, ಕಾಲಿನ ಬಾವು ಅದರಿಂದಲೂ ಬಂದಿರಬಹುದು, ಅದರ ಜೊತೆಗಿರುವ ಅಟೆನೊಲಾಲ್ ನಾಡಿಯನ್ನು ನಿಧಾನ ಮಾಡುತ್ತದೆ ಎಂದು ಹೇಳಿದೆ. ಒಂದೇ ಗಡಿಗಿ ಸಾರಿಗೆ ಇಬ್ಬರು ಉಪ್ಪು ಹಾಕಿದಂಗೆ ಆಯ್ತಲ್ಲ ಎಂದು ಅವರೇ ಅಂದರು. ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಗಂಡನ ಗುಳಿಗೆಯನ್ನು ಇವತ್ತೇ ನಿಲ್ಲಿಸಿಬಿಡಿ ಎಂದು ಮಾತ್ರ ನಾನು ಹೇಳಲಿಲ್ಲ. ಮಗ ಅದೇ ಮಾತಿಗೆ ಕಾಯುತ್ತಿದ್ದ. ಅಟೆನೊಲಾಲ್ ಜಾತಿಯ ಔಷಧವನ್ನು ದಿನಾ ತೆಗೆದುಕೊಂಡು ಒಮ್ಮೆಲೇ ಬಿಟ್ಟರೆ ಎದೆಬಡಿತ ಏರಬಹುದು, ಬಿಪಿ ಜಿಗಿಯಬಹುದು, ಹೃದಯದ ತೊಂದರೆ ಇದ್ದವರಿಗೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ತಪ್ಪಾಗಿ ಶುರುವಾದ ಗುಳಿಗೆಯಾದರೂ ದೇಹ ಅದಕ್ಕೆ ಒಗ್ಗಿರುತ್ತದೆ. ಹೇಗೆ ಬಿಡಿಸಬೇಕು ಎಂದು ನಿರ್ಧರಿಸುವುದು ವೈದ್ಯರ ಕೆಲಸ. ಅಲ್ಲಿಂದಲೇ ಎಬ್ಬಿಸಿಕೊಂಡು ಹೋಗಿ, ಪಟ್ಟಿಗಳ ಸಮೇತ ವೈದ್ಯರ ಎದುರು ಕೂರಿಸಿದೆ. ಇಸಿಜಿ ಆಯಿತು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಜೊತೆಗೆ ಪೊಟ್ಯಾಸಿಯಂ ಪರೀಕ್ಷೆಗೆ ರಕ್ತ ತೆಗೆದರು. ಎರಡನೇ ಆಮ್ಲೋಡಿಪಿನ್ ನಿಂತಿತು, ಅಟೆನೊಲಾಲನ್ನು ಪ್ರತ್ಯೇಕ ಗುಳಿಗೆಯಾಗಿ ಕಡಿಮೆ ಮಾಡುತ್ತ ಬಿಡಿಸಿದರು. ಇದು ಆಕೆಯ ದೇಹಕ್ಕೆ, ಆಕೆಯ ಇಸಿಜಿ ನೋಡಿ ಮಾಡಿದ್ದು. ಓದಿದವರು ತಮ್ಮ ಮನೆಯಲ್ಲಿ ಅನುಸರಿಸುವಂಥದ್ದಲ್ಲ.

ಉಳಿದ ಪಟ್ಟಿಯನ್ನು ಆಕೆಯೇ ನಮ್ಮ ಔಷಧ ವಿಭಾಗದ ಕಿಟಕಿಯಲ್ಲಿ ಕೊಟ್ಟರು. ಆಸ್ಪತ್ರೆಯಲ್ಲಿ ಬೇಡವಾದ ಔಷಧ ಹಳದಿ ಚೀಲಕ್ಕೆ ಹೋಗುತ್ತದೆ, ತಿಪ್ಪೆಗಲ್ಲ. ಅದನ್ನು ತೋರಿಸಿದ ಮೇಲೆಯೇ ಕೈಬಿಟ್ಟರು. ಮನೆಯಲ್ಲಿ ಯಾರಾದರೂ ತೀರಿಕೊಂಡ ಮೇಲೆ ಬಟ್ಟೆ, ಹಾಸಿಗೆಯ ವಿಲೇವಾರಿಗೆ ನಮ್ಮಲ್ಲಿ ರೀತಿ ರಿವಾಜು ಇವೆ. ಗುಳಿಗೆ ಡಬ್ಬಿಗೆ ಇಲ್ಲ. ದಿನಕರ್ಮ ಮುಗಿದ ವಾರದೊಳಗೆ ಆ ಡಬ್ಬಿಯನ್ನು ಆಸ್ಪತ್ರೆಗೆ ತಂದುಕೊಡಿ ಎಂದು ಈಗ ನಾನು ಎಲ್ಲ ಮನೆಯವರಿಗೂ ಹೇಳುತ್ತೇನೆ.

ಈ ಪ್ರಕರಣ ಕೇಳಿದ ಕೆಲವರು ಜೋಡಿ ಗುಳಿಗೆಯೇ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಬಂದರು. ಅದು ನನಗೆ ಸಿಟ್ಟು ತರಿಸುತ್ತದೆ. ಒಂದೇ ಔಷಧವನ್ನು ಏರಿಸುತ್ತ ಹೋಗುವುದಕ್ಕಿಂತ ಎರಡನ್ನು ಸಣ್ಣ ಪ್ರಮಾಣದಲ್ಲಿ ಕೂಡಿಸಿದರೆ ಬಿಪಿ ಚೆನ್ನಾಗಿ ಇಳಿಯುತ್ತದೆ, ಅಡ್ಡಪರಿಣಾಮವೂ ಕಡಿಮೆ ಇರುತ್ತದೆ. ಆಮ್ಲೋಡಿಪಿನ್ ತರುವ ಕಾಲುಬಾವು ಟೆಲ್ಮಿಸಾರ್ಟನ್ ಜೊತೆಗಿದ್ದರೆ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇಂಥ ಜೋಡಿಗಳನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ದಿನಕ್ಕೆ ಒಂದೇ ಆದರೆ ತಪ್ಪುವುದೂ ಕಡಿಮೆ. ತೊಂದರೆ ಇರುವುದು ಒಳಗೆ ಏನಿದೆ ಎಂದು ಹೊರಗಿನ ಹೆಸರು ಹೇಳದಿರುವುದರಲ್ಲಿ. ಹೆಸರಿನ ಬಾಲದಲ್ಲಿ ಎಎಂ, ಎಚ್, ಎಟಿ ಎಂದೆಲ್ಲ ಇರುತ್ತದೆ. ಸಾಮಾನ್ಯವಾಗಿ ಎಎಂ ಅಂದರೆ ಆಮ್ಲೋಡಿಪಿನ್, ಎಚ್ ಅಂದರೆ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಜೈಡ್, ಎಟಿ ಅಂದರೆ ಅಟೆನೊಲಾಲ್. ಆದರೆ ಆ ಬಾಲವನ್ನು ನಂಬಬೇಡಿ, ಬೆನ್ನಿನ ಸಣ್ಣಕ್ಷರ ನಂಬಿ. ವೈದ್ಯರು ಗುಳಿಗೆ ಬದಲಿಸಿದ ದಿನ ಒಂದು ಪ್ರಶ್ನೆ ಕೇಳಲೇಬೇಕು: ಹಳೇದು ಬಿಡಬೇಕೋ, ಇದರ ಜೊತೆ ನಡೆಸಬೇಕೋ? ನಮ್ಮ ಕಡೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ ಸಿಗುವುದು, ಖಾಸಗಿಯವರು ಬರೆದದ್ದು, ಸೊಲ್ಲಾಪುರದಲ್ಲಿ ತೋರಿಸಿದಾಗ ಕೊಟ್ಟದ್ದು, ಮೂರೂ ಒಂದೇ ಡಬ್ಬಿಯಲ್ಲಿ ಕೂಡುವ ಮನೆಗಳು ಬೇಕಾದಷ್ಟಿವೆ.

ಮಲ್ಲಮ್ಮನವರಿಗೆ ಕೊಟ್ಟ ಉಳಿದ ಸಲಹೆ ಸರಳ. ಬೆಳಗಿನ ಪಟ್ಟಿಯ ಮೇಲೆ ಮಾರ್ಕರಿನಿಂದ ಸೂರ್ಯನ ಚಿತ್ರ ಬರೆದುಕೊಟ್ಟೆ. ಮರೆತರೆ ಅದೇ ದಿನ ನೆನಪಾದಾಗ ತಗೊಳ್ಳಿ, ಮರುದಿನದ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡು ಕೂಡಿಸಿ ನುಂಗಬೇಡಿ. ಚಕ್ಕರ್ ಬಂತೆಂದು ನೀವೇ ಅರ್ಧ ಮುರಿಯಬೇಡಿ, ಬಂದು ಬಿಪಿ ನೋಡಿಸಿ. ವಾಂತಿ-ಭೇದಿ ಆದರೆ, ಅದರಲ್ಲೂ ನಮ್ಮ ಏಪ್ರಿಲ್-ಮೇ ಬಿಸಿಲಿನಲ್ಲಿ, ಅವತ್ತೇ ಆಶಾ ಕಾರ್ಯಕರ್ತೆಯ ಮೂಲಕ ಕೇಳಿಸಿ. ಮೈಯಲ್ಲಿ ನೀರು ಬತ್ತಿದಾಗ ಟೆಲ್ಮಿಸಾರ್ಟನ್ ಮತ್ತು ಮೂತ್ರದ ಗುಳಿಗೆ ಮೂತ್ರಪಿಂಡಕ್ಕೆ ಭಾರ, ನಾಲ್ಕು ದಿನ ನಿಲ್ಲಿಸಲು ವೈದ್ಯರು ಹೇಳಬಹುದು. ಬಿಪಿಗೆ ಒಳ್ಳೆಯದೆಂದು ಮಗ ತಂದಿದ್ದ ಸೋಡಿಯಂ ಕಡಿಮೆ ಉಪ್ಪನ್ನೂ ಬೇಡವೆಂದೆವು. ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ, ಟೆಲ್ಮಿಸಾರ್ಟನ್ ಜೊತೆ ಸೇರಿದರೆ ರಕ್ತದಲ್ಲಿ ಅದು ಏರಬಹುದು. ಶೇಂಗಾ ಹಿಂಡಿಗೆ (ಚಟ್ನಿಪುಡಿಗೆ) ಹಾಕುವ ಮಾಮೂಲಿ ಉಪ್ಪನ್ನೇ ಕಡಿಮೆ ಮಾಡಲಿ.

ಚಕ್ಕರ್ ನಿಂತಿತು, ಬಾವು ಇಳಿಯಿತು. "ಹಂಗಾದ್ರ ಮನಸ್ಸಿನ ತ್ರಾಸ ಇರಲಿಲ್ಲ ಅನ್ರಿ" ಎಂದ ಮಗ. ಇತ್ತು, ಈಗಲೂ ಇದೆ, ಅದಕ್ಕೆ ಬೇರೆ ದಿನ ಕರೆದುಕೊಂಡು ಬನ್ನಿ ಎಂದೆ. ಬರುತ್ತಿದ್ದಾರೆ.

ಬಗೆಹರಿಯದೆ ಉಳಿದದ್ದು ಮೊಣಕಾಲು. ಡೈಕ್ಲೊಫೆನಾಕ್ ಬಿಪಿ ಏರಿಸುತ್ತದೆ, ಟೆಲ್ಮಿಸಾರ್ಟನ್ ಜೊತೆ ಸೇರಿ ಮೂತ್ರಪಿಂಡ ಕೆಡಿಸಬಹುದು ಎಂದು ವೈದ್ಯರು ಪ್ಯಾರಾಸಿಟಮಾಲ್ ಬರೆದುಕೊಟ್ಟಿದ್ದಾರೆ. ತೊಗರಿ ಕೊಯ್ಲಿನ ಸಮಯದಲ್ಲಿ ಅದು ಸಾಕಾಗುವುದಿಲ್ಲ ಎಂದು ಆಕೆ ನೇರವಾಗಿ ಹೇಳಿದ್ದಾರೆ. ಮೆಡಿಕಲ್ ಅಂಗಡಿ ಬಸ್ ನಿಲ್ದಾಣದ ಎದುರಿಗೇ ಇದೆ. ಅಲ್ಲಿ ಕೇಳುವ ಮೊದಲು "ನಾ ಬಿಪಿ ಗುಳಿಗಿ ತಗೋತೀನ್ರಿ" ಎಂದು ಸೂರ್ಯನ ಪಟ್ಟಿ ತೋರಿಸಿ ಎಂದು ಹೇಳಿದ್ದೇನೆ. ತೋರಿಸುತ್ತಾರೋ ಇಲ್ಲವೋ, ಮುಂದಿನ ರಕ್ತ ಪರೀಕ್ಷೆಯಲ್ಲಿ ಗೊತ್ತಾಗಬೇಕು.