ಓದುಗರ ಪ್ರಶ್ನೆ: ಸಂಚಾರ ನಿಲ್ಲಿಸದೆ ಹೊಸ ಲಾಕ್ ಕಟ್ಟುವ ಬಗೆ

ಪ್ರಶ್ನೆ: ಹಡಗುಗಳು ಎಡೆಬಿಡದೆ ಓಡಾಡುವ ಕಾಲುವೆಯಲ್ಲಿ ಹಳೆಯ ಲಾಕ್‌ನ ಪಕ್ಕದಲ್ಲೇ ಹೊಸದನ್ನು ಕಟ್ಟುತ್ತಾರಂತೆ. ಸಂಚಾರ ನಿಲ್ಲಿಸದೆ ಇದು ಹೇಗೆ ಸಾಧ್ಯ?

ಉತ್ತರ: ಲಾಕ್ ಎಂದರೆ ಎರಡೂ ತುದಿಗಳಲ್ಲಿ ಗೇಟುಗಳಿರುವ ಒಂದು ದೊಡ್ಡ ತೊಟ್ಟಿ. ಹಡಗನ್ನು ಒಳಗೆ ಬಿಟ್ಟುಕೊಂಡು, ಗೇಟು ಮುಚ್ಚಿ, ನೀರಿನ ಮಟ್ಟವನ್ನು ಏರಿಸಿಯೋ ಇಳಿಸಿಯೋ ಆಚೆಯ ಮಟ್ಟಕ್ಕೆ ಸೇರಿಸುತ್ತಾರೆ. ತತ್ವ ಇಷ್ಟು ಸರಳವಾದರೂ, ಕಟ್ಟುವ ಜಾಗ ಇಕ್ಕಟ್ಟಾದಷ್ಟೂ ಕೆಲಸ ಕಠಿಣವಾಗುತ್ತದೆ. ಆಮ್‌ಸ್ಟರ್‌ಡಾಮನ್ನು ಸಮುದ್ರಕ್ಕೆ ಜೋಡಿಸುವ ಉತ್ತರ ಸಮುದ್ರ ಕಾಲುವೆಯ ಬಾಯಲ್ಲಿರುವ ಐಮೌಡೆನ್‌ನಲ್ಲಿ, ಬಳಕೆಯಲ್ಲಿದ್ದ ಎರಡು ಹಳೆಯ ಲಾಕ್‌ಗಳ ನಡುವಿನ ಕಿರಿದಾದ ನೆಲದಲ್ಲಿಯೇ 500 ಮೀಟರ್ ಉದ್ದ, 70 ಮೀಟರ್ ಅಗಲ ಮತ್ತು 18 ಮೀಟರ್ ಆಳದ ಹೊಸ ಲಾಕನ್ನು ಕಟ್ಟಿದರು. ಅಲ್ಲಿ ಇಳಿಜಾರು ದಡಗಳ ತೆರೆದ ಹೊಂಡ ತೋಡಲು ಜಾಗವಿರಲಿಲ್ಲ. ಅಂತಹ ಕಡೆ ಅಂತರ್ಜಲವನ್ನು ಪಂಪಿನಿಂದ ತಗ್ಗಿಸಿದರೆ ಪಕ್ಕದ ಹಳೆಯ ಕಟ್ಟಡಗಳ ಅಡಿಪಾಯ ಕುಸಿಯುವ ಭಯವೂ ಇರುತ್ತದೆ. ಇಷ್ಟರ ಮೇಲೆ, ಐಮೌಡೆನ್‌ನ ಲಾಕ್‌ಗಳು ಸಮುದ್ರದ ನೆರೆಯನ್ನು ತಡೆಯುವ ಒಡ್ಡಿನ ಭಾಗವೂ ಆಗಿರುವುದರಿಂದ, ಕಾಮಗಾರಿಯ ಯಾವ ಹಂತದಲ್ಲೂ ಆ ರಕ್ಷಣೆ ಸಡಿಲಗೊಳ್ಳುವಂತಿರಲಿಲ್ಲ.

ಇಂಥ ಕಡೆ ಗೋಡೆಯನ್ನು ಮೊದಲು ಕಟ್ಟಿ ಮಣ್ಣನ್ನು ಆಮೇಲೆ ತೆಗೆಯುತ್ತಾರೆ. ನೆಲದಲ್ಲಿ ಆಳವಾದ ಕಿರಿದಾದ ಕಂದಕ ತೋಡುತ್ತ, ಅದರ ಬದಿಗಳು ಕುಸಿಯದಂತೆ ಬೆಂಟೊನೈಟ್ ಜೇಡಿಯ ದ್ರವವನ್ನು ತುಂಬುತ್ತ ಹೋಗಿ, ಕೊನೆಗೆ ಕಬ್ಬಿಣದ ಸರಳುಗಳ ಪಂಜರವನ್ನು ಇಳಿಸಿ ತಳದಿಂದ ಕಾಂಕ್ರೀಟ್ ಸುರಿದರೆ, ಹಗುರವಾದ ಆ ದ್ರವ ತಾನಾಗಿ ಮೇಲೆದ್ದು ಹೊರಬರುತ್ತದೆ. ಇದಕ್ಕೆ ಡಯಾಫ್ರಂ ಗೋಡೆ ಎನ್ನುತ್ತಾರೆ. ಗೇಟು ಕೂರುವ ತುದಿಯ ಕಟ್ಟಡಗಳನ್ನು ಐಮೌಡೆನ್‌ನಲ್ಲಿ ನೆಲದ ಮೇಲೆಯೇ ಕಾಂಕ್ರೀಟಿನ ಬೃಹತ್ ಪೆಟ್ಟಿಗೆಗಳಾಗಿ, ಅಂದರೆ ಕೈಸನ್‌ಗಳಾಗಿ ಕಟ್ಟಿ, ಅಡಿಯ ಮಣ್ಣನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ ತಮ್ಮ ಭಾರಕ್ಕೆ ತಾವೇ ಇಳಿಯುವಂತೆ ಮಾಡಿದರು. ಇಳಿಯುವಾಗ ಒಂದು ಮೂಲೆ ಮುಂದಾದರೂ ಇಡೀ ಪೆಟ್ಟಿಗೆ ವಾಲುತ್ತದೆ. ನನ್ನ ಮಟ್ಟಿಗೆ ಇಡೀ ನಿರ್ಮಾಣದಲ್ಲಿ ಎದೆಗಾರಿಕೆ ಬೇಡುವ ಘಟ್ಟ ಇದೇ. 2016ರಲ್ಲಿ ಆರಂಭವಾದ ಈ ಲಾಕ್ 2019ಕ್ಕೆ ಮುಗಿಯಬೇಕಿದ್ದು 2022ರ ಜನವರಿಯಲ್ಲಿ ಉದ್ಘಾಟನೆಯಾಯಿತು. ಕೈಸನ್‌ಗಳ ವಿನ್ಯಾಸವನ್ನು ನಡುವೆ ಬದಲಿಸಬೇಕಾಗಿ ಬಂದದ್ದು ಈ ವಿಳಂಬಕ್ಕೆ ಮುಖ್ಯ ಕಾರಣ.

ಪ್ರಶ್ನೆ: ಪನಾಮದ ಹಳೆಯ ಲಾಕ್‌ಗಳಲ್ಲಿ ಬಾಗಿಲಿನಂತೆ ತೆರೆಯುವ ಜೋಡಿ ಕದಗಳಿವೆ. ಹೊಸದರಲ್ಲಿ ಪಕ್ಕಕ್ಕೆ ಸರಿಯುವ ಗೇಟುಗಳೇಕೆ?

ಉತ್ತರ: ದುರಸ್ತಿಗಾಗಿ. ಸರಿಯುವ ಗೇಟು ತನ್ನ ಗೂಡಿನೊಳಗೆ ಸೇರಿಕೊಂಡ ಮೇಲೆ ಆ ಗೂಡನ್ನೇ ಮುಚ್ಚಿ, ನೀರು ಬಸಿದು, ಅಲ್ಲಿಯೇ ಕೆಲಸ ಮಾಡಬಹುದು. ಪನಾಮದಲ್ಲಿ ಪ್ರತಿ ಸ್ಥಾನಕ್ಕೂ ಎರಡೆರಡರಂತೆ ಒಟ್ಟು 16 ಗೇಟುಗಳನ್ನು ಕೂರಿಸಿರುವುದರಿಂದ ಒಂದು ದುರಸ್ತಿಯಲ್ಲಿರುವಾಗ ಇನ್ನೊಂದು ಕೆಲಸ ನಡೆಸುತ್ತದೆ.

ಪ್ರಶ್ನೆ: ಪನಾಮದ ಹೊಸ ಲಾಕ್‌ಗಳ ಪಕ್ಕದಲ್ಲಿರುವ ಕೊಳಗಳು ನೀರನ್ನು ಉಳಿಸುತ್ತವೆ ಎನ್ನುತ್ತಾರೆ. ಪಂಪಿಲ್ಲದೆ ಇದು ಹೇಗಾಗುತ್ತದೆ?

ಉತ್ತರ: ಒಂದು ತೊಟ್ಟಿಗೆ, ಅದರಷ್ಟೇ ವಿಸ್ತಾರದ ಮೂರು ಕೊಳಗಳು ಒಂದಕ್ಕಿಂತ ಒಂದು ಕೆಳಮಟ್ಟದಲ್ಲಿ ಇವೆ ಎಂದುಕೊಳ್ಳೋಣ. ತೊಟ್ಟಿಯಿಂದ ಇಳಿಸಬೇಕಾದ ನೀರನ್ನು ಮನಸ್ಸಿನಲ್ಲಿ ಐದು ಸಮ ಪದರಗಳಾಗಿ ವಿಂಗಡಿಸಿ. ಮೇಲಿನ ಪದರ ಅತಿ ಎತ್ತರದ ಕೊಳಕ್ಕೂ, ಎರಡನೆಯದು ನಡುವಿನದಕ್ಕೂ, ಮೂರನೆಯದು ಕೆಳಗಿನದಕ್ಕೂ ತಾನಾಗಿ ಹರಿಯುತ್ತವೆ. ಉಳಿದ ಎರಡು ಪದರಗಳು ಮಾತ್ರ ಕೆಳಗಿನ ನೀರಿಗೆ ಸೇರಿಹೋಗುತ್ತವೆ. ತೊಟ್ಟಿಯನ್ನು ಮತ್ತೆ ತುಂಬುವಾಗ ಕೆಳಗಿನ ಕೊಳದ ನೀರು ಮೊದಲು, ನಡುವಿನದು ಆಮೇಲೆ, ಮೇಲಿನದು ಕೊನೆಗೆ ಬರುತ್ತದೆ. ಹೀಗೆ ಐದರಲ್ಲಿ ಮೂರು ಪಾಲು, ಅಂದರೆ ಶೇ. 60ರಷ್ಟು ನೀರು ಮರುಬಳಕೆಯಾಗುತ್ತದೆ. ಕೊಳಗಳನ್ನು ಐದಕ್ಕೇರಿಸಿದರೂ ಉಳಿತಾಯ ಏಳರಲ್ಲಿ ಐದು ಪಾಲಿಗಷ್ಟೇ ಮುಟ್ಟುತ್ತದೆ. ನೆಲ, ಕವಾಟಗಳು ಮತ್ತು ಪ್ರತಿ ಹಡಗು ಕಾಯುವ ಹೊತ್ತು ಮಾತ್ರ ಹೆಚ್ಚುತ್ತ ಹೋಗುತ್ತವೆ. ಆದ್ದರಿಂದ ಮೂರು ಎಂಬುದು ವಿವೇಕದ ಆಯ್ಕೆ ಎಂದು ನನ್ನ ಅಭಿಪ್ರಾಯ.

ಈ ಉಳಿತಾಯ ಅನಿವಾರ್ಯವೂ ಆಗಿತ್ತು. ಸಮುದ್ರಮಟ್ಟದಿಂದ ಸುಮಾರು 26 ಮೀಟರ್ ಎತ್ತರದಲ್ಲಿರುವ ಗಾಟುನ್ ಸರೋವರದ ಸಿಹಿನೀರೇ ಕಾಲುವೆಗೂ ಪನಾಮ ನಗರದ ಜನರ ಕುಡಿಯುವ ನೀರಿಗೂ ಆಧಾರ. 2016ರ ಜೂನ್ 26ರಂದು ಹೊಸ ಲಾಕ್‌ಗಳು ತೆರೆದು ಕೆಲವೇ ವರ್ಷಗಳಲ್ಲಿ, 2023ರ ಬರಗಾಲದಿಂದಾಗಿ ದಿನಕ್ಕೆ 36ರ ಸುಮಾರಿನಲ್ಲಿದ್ದ ಹಡಗುಗಳ ಸಂಖ್ಯೆಯನ್ನು 2024ರ ಆರಂಭದ ಹೊತ್ತಿಗೆ 24ಕ್ಕೆ ಇಳಿಸಬೇಕಾಯಿತು.

ಆದರೆ ನೀರನ್ನು ಮರುಬಳಸಿದಾಗ, ಕೆಳಗಿನಿಂದ ಬಂದ ಉಪ್ಪೂ ಅದರೊಂದಿಗೆ ಮತ್ತೆ ತೊಟ್ಟಿಗೆ ಮರಳಿ ಹಂತಹಂತವಾಗಿ ಸರೋವರದತ್ತ ಸಾಗುತ್ತದೆ. ಉಪ್ಪುನೀರು ಭಾರವಾದ್ದರಿಂದ ಸಿಹಿನೀರಿನ ಅಡಿಯಲ್ಲಿ ನುಸುಳಿಕೊಂಡು ಹೋಗುತ್ತದೆ. ಐಮೌಡೆನ್‌ನಲ್ಲಿ ಇದೇ ಗುಣವನ್ನು ಉಪಯೋಗಿಸಿಕೊಂಡು, ಕಾಲುವೆಯ ನೀರನ್ನು ಸಮುದ್ರಕ್ಕೆ ಬಿಡುವ ದಾರಿಯಲ್ಲಿ ತಳದಲ್ಲಿ ಮಾತ್ರ ತೆರವಿರುವ ಗೋಡೆಯೊಂದನ್ನು ಕಟ್ಟುವ ಉಪಾಯ ಹೂಡಿದರು. ಇದರಿಂದ ತಳದ ಉಪ್ಪುನೀರು ಮೊದಲು ಹೊರಹೋಗುತ್ತದೆ. ಕುಡಿಯುವ ನೀರಿನ ಸರೋವರಕ್ಕೆ ತೆರೆದುಕೊಳ್ಳುವ ಲಾಕ್ ಕಟ್ಟುವವರು ಈ ಉಪ್ಪಿನ ಲೆಕ್ಕವನ್ನು ನಕ್ಷೆಯ ಹಂತದಲ್ಲಿಯೇ, ಉಳಿಸುವ ನೀರಿನ ಲೆಕ್ಕದ ಜೊತೆಗೇ ಇಟ್ಟು ನೋಡಬೇಕು.